ಶುದ್ಧೀಕರಿಸಿದ ನೀರೇ ಕೆಡಿಸಿದ ಸರೋವರ

“ಎಸ್‌ಟಿಪಿ ಹಾಕಿದ್ದೇವಲ್ಲ, ಇನ್ನು ಕೆರೆ ತಾನಾಗೇ ಸರಿಹೋಗುತ್ತೆ.” (ಎಸ್‌ಟಿಪಿ ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕ.) ಬೆಂಗಳೂರಿನಲ್ಲಿ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಅಮೆರಿಕದ ಸಿಯಾಟಲ್‌ನ ಲೇಕ್ ವಾಷಿಂಗ್ಟನ್ ನೆನಪಾಗುತ್ತದೆ. ಆ ಸರೋವರವನ್ನು ಕೆಡಿಸಿದ್ದೇ ಶುದ್ಧೀಕರಿಸಿದ ನೀರು!

ನಮ್ಮ ಸಾಫ್ಟ್‌ವೇರ್ ಕನ್ನಡಿಗರು ಎಷ್ಟೋ ಜನ ಇರುವ ಬೆಲ್‌ವ್ಯೂ, ರೆಡ್ಮಂಡ್ ಊರುಗಳಿಗೂ ಸಿಯಾಟಲ್‌ಗೂ ನಡುವೆ ಈ ಸರೋವರ ಹರಡಿಕೊಂಡಿದೆ. ಸಿಯಾಟಲ್ ತನ್ನ ಕೊಳಚೆಯನ್ನು 1930ರ ದಶಕದಲ್ಲೇ ಬೇರೆ ಕಡೆ ತಿರುಗಿಸಿತ್ತು. ಆಮೇಲೆ ದಡದ ಸಣ್ಣ ಊರುಗಳು ಬೆಳೆದವು. ಒಂದೊಂದೂ ತನ್ನದೇ ಶುದ್ಧೀಕರಣ ಘಟಕ ಕಟ್ಟಿ, ನೀರನ್ನು ಸರೋವರಕ್ಕೆ ಬಿಟ್ಟಿತು. ಕಾನೂನಿನ ಪ್ರಕಾರ ಎಲ್ಲ ಸರಿಯಾಗೇ ಇತ್ತು. 1955ರಲ್ಲಿ ನೀರಿನಲ್ಲಿ ಆಸಿಲೇಟೋರಿಯಾ ರುಬೆಸೆನ್ಸ್ ಎಂಬ ನೀಲಿ-ಹಸಿರು ಪಾಚಿ ಕಾಣಿಸಿತು. ಯೂರೋಪಿನ ಸರೋವರಗಳು ಕೆಡುವ ಮುಂಚೆ ಇದೇ ಪಾಚಿ ಬಂದಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸರೋವರ ವಿಜ್ಞಾನಿ ಡಬ್ಲ್ಯೂ. ಟಿ. ಎಡ್ಮಂಡ್‌ಸನ್ ಅವರಿಗೆ ಮುಂದೇನು ಕಾದಿದೆ ಅಂತ ತಿಳಿಯಲು ಅಷ್ಟೇ ಸಾಕಾಯಿತು.

ಘಟಕ ಮಾಡುವ ಕೆಲಸ ಏನು? ಮಲದಲ್ಲಿರುವ ಕೊಳೆಯುವ ವಸ್ತುವನ್ನು ಬ್ಯಾಕ್ಟೀರಿಯಾಗೆ ತಿನ್ನಿಸುತ್ತದೆ. ವಾಸನೆ ಹೋಗುತ್ತದೆ, ನೀರು ತಿಳಿಯಾಗುತ್ತದೆ. ಆದರೆ ಮೂತ್ರದಿಂದ, ಬಟ್ಟೆ ಸೋಪಿನ ಪುಡಿಯಿಂದ ಬಂದ ರಂಜಕ, ಅಂದರೆ ಫಾಸ್ಫರಸ್, ಸಾಮಾನ್ಯ ಘಟಕದಲ್ಲಿ ಬಹುಪಾಲು ಹಾಗೇ ದಾಟಿ ಹೋಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪಾಚಿಗೆ ಬೇಕಾದ್ದು ಅದೇ.

ಮನೆಯಲ್ಲಿ ಮೂಟೆಗಟ್ಟಲೆ ಅಕ್ಕಿ ಇದ್ದರೂ ಉದ್ದು ಒಂದೇ ಹಿಡಿ ಇದ್ದರೆ ಎಷ್ಟು ದೋಸೆ ಆಗುತ್ತೆ ಅಂತ ಹೇಳುವುದು ಆ ಉದ್ದು. ಸಿಹಿನೀರಿನ ಎಷ್ಟೋ ಸರೋವರಗಳಲ್ಲಿ ರಂಜಕದ್ದೇ ಆ ಜಾಗ. ಇಂಗಾಲ ಗಾಳಿಯಿಂದ ಬರುತ್ತದೆ. ಸಾರಜನಕವನ್ನು ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯಿಂದಲೇ ಎಳೆದುಕೊಳ್ಳುತ್ತವೆ. ರಂಜಕಕ್ಕೆ ಮಾತ್ರ ಹಾಗೆ ಗಾಳಿಯ ದಾರಿ ಇಲ್ಲ. ಪಾಚಿಯ ಒಣತೂಕದಲ್ಲಿ ಅದು ನೂರಕ್ಕೆ ಒಂದು ಭಾಗದಷ್ಟೇ. ಹಾಗಾಗಿ ಒಂದು ಕಿಲೋ ರಂಜಕ ಒಳಗೆ ಬಂದರೆ ಸುಮಾರು ನೂರು ಕಿಲೋ ಒಣ ಪಾಚಿಗೆ ಸಾಕು. ಅದು ಸತ್ತು ಕೊಳೆತರೆ ರಂಜಕ ಮತ್ತೆ ನೀರಿಗೆ ಬಂದು ಇನ್ನೊಂದು ಬೆಳೆ. ಕಾರಂಜಿ ಹಾಕಿಸುವವರು, ‘ಜೀವಾಣು ದ್ರಾವಣ’ದ ಕ್ಯಾನ್ ಸುರಿದು ಫೋಟೊ ತೆಗೆಸಿಕೊಳ್ಳುವವರು ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಲಿ. ರಂಜಕ ಕೆರೆಯಿಂದ ಹೊರಗೆ ಹೋಯಿತಾ?

ಸಿಯಾಟಲ್‌ನಲ್ಲಿ ಹೊರಗೆ ಕಳಿಸಲು ಅಡ್ಡಿಯಾಗಿದ್ದು ಊರುಗಳ ಗಡಿ. ಯಾವ ಒಂದು ಪುರಸಭೆಗೂ ಇಡೀ ಸರೋವರದ ಮೇಲೆ ಅಧಿಕಾರ ಇರಲಿಲ್ಲ. ಜೇಮ್ಸ್ ಎಲಿಸ್ ಎಂಬ ವಕೀಲರು ಊರುಗಳನ್ನೆಲ್ಲ ಸೇರಿಸಿ ‘ಮೆಟ್ರೊ’ ಎಂಬ ಹೊಸ ಸ್ಥಳೀಯ ಸಂಸ್ಥೆ ಕಟ್ಟಲು ಹೊರಟರು. (ನಮ್ಮ ಮೆಟ್ರೊ ಅಲ್ಲ, ಇದು ಚರಂಡಿ ಮೆಟ್ರೊ.) 1958ರ ಮಾರ್ಚ್‌ನಲ್ಲಿ ಮತ ಹಾಕಿಸಿದರೆ ಸಿಯಾಟಲ್ ಒಪ್ಪಿತು, ಹೊರವಲಯದವರು ಬೇಡ ಅಂದರು. ಮೊದಲ ಯೋಜನೆಯಲ್ಲಿದ್ದ ಸಾರಿಗೆ ಗೀರಿಗೆ ಎಲ್ಲ ಕೈಬಿಟ್ಟು, ಬರೀ ಕೊಳಚೆಯ ಕೆಲಸ ಇಟ್ಟುಕೊಂಡು ಸೆಪ್ಟೆಂಬರ್‌ನಲ್ಲಿ ಮತ್ತೆ ಜನರ ಮುಂದೆ ಹೋದರು. ಗೆದ್ದರು. 1963ರಿಂದ 1968ರ ನಡುವೆ ಕೊಳಚೆ ನೀರೆಲ್ಲ ಪೈಪುಗಳಲ್ಲಿ ಸರೋವರ ಬಿಟ್ಟು ಸಮುದ್ರದ ದಿಕ್ಕು ಹಿಡಿಯಿತು.

ನೀರು ಎಷ್ಟು ತಿಳಿ ಅಂತ ನೋಡಲು ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಕಣ್ಣಿಗೆ ಮರೆಯಾದಲ್ಲಿ ಹಗ್ಗ ಅಳೆಯುತ್ತಾರೆ. 1960ರ ದಶಕದ ಆರಂಭದ ಬೇಸಿಗೆಗಳಲ್ಲಿ ತಟ್ಟೆ ಸುಮಾರು ಒಂದು ಮೀಟರಿಗೇ ಮಾಯವಾಗುತ್ತಿತ್ತು. 1970ರ ದಶಕ ಮುಗಿಯುವ ಹೊತ್ತಿಗೆ ಆರೇಳು ಮೀಟರ್ ಆಳಕ್ಕೂ ಕಾಣುತ್ತಿತ್ತು. ಇನ್ನೂ ಮಜಾ ಏನೆಂದರೆ, ನೀರಿನ ನೈಟ್ರೇಟ್ ಅಷ್ಟಾಗಿ ಇಳಿಯಲಿಲ್ಲ, ರಂಜಕ ಧಡಕ್ಕನೆ ಇಳಿಯಿತು, ಪಾಚಿ ಅದರ ಹಿಂದೆಯೇ ಇಳಿಯಿತು. ಸೋಪಿನ ಕಂಪನಿಗಳು ‘ರಂಜಕದ್ದೇನೂ ತಪ್ಪಿಲ್ಲ’ ಎಂದು ವಾದಿಸುತ್ತಿದ್ದ ಕಾಲ ಅದು. ಅವರಿಗೆ ಇದು ದೊಡ್ಡ ಪೆಟ್ಟು.

ಹಾಗಾದರೆ ಬೆಳ್ಳಂದೂರಿನ ಕೊಳಚೆಯನ್ನು ತಿರುಗಿಸಿದರೆ ಮುಗೀತಾ? ಇಲ್ಲ. ಲೇಕ್ ವಾಷಿಂಗ್ಟನ್ ಅರವತ್ತು ಮೀಟರಿಗಿಂತ ಜಾಸ್ತಿ ಆಳ, ತಳದಲ್ಲೂ ಆಮ್ಲಜನಕ ಉಳಿದಿತ್ತು. ಆಮ್ಲಜನಕ ಇದ್ದರೆ ಹೂಳಿನಲ್ಲಿರುವ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮ್ಲಜನಕ ಖಾಲಿಯಾದರೆ ಕಬ್ಬಿಣ ಕರಗಿ ರಂಜಕವನ್ನು ಬಿಟ್ಟುಬಿಡುತ್ತದೆ. ಬೆಳ್ಳಂದೂರು ಆಳವಿಲ್ಲದ ಕೆರೆ. ದಶಕಗಳ ಕೊಳಚೆ ತಳದಲ್ಲಿ ಕೂತು ಆಮ್ಲಜನಕವನ್ನು ತಿನ್ನುತ್ತದೆ. ಹೊಸ ಕೊಳಚೆ ನಿಂತರೂ ಹಳೆಯ ಹೂಳು ರಂಜಕವನ್ನು ನೀರಿಗೆ ಬಿಡುತ್ತಲೇ ಇರುತ್ತದೆ. ಅದಕ್ಕೇ ಅಲ್ಲಿ ಹೂಳು ಎತ್ತಲೇಬೇಕು. ಕೆರೆ ಬಿಡಿಎ ಕೈಯಲ್ಲಿ, ಒಳಚರಂಡಿ ಜಲಮಂಡಳಿ ಕೈಯಲ್ಲಿ, ರಾಜಕಾಲುವೆ ಪಾಲಿಕೆ ಕೈಯಲ್ಲಿ ಎಂಬ ಹಂಚಿಕೆಯಲ್ಲೇ 2017ರಲ್ಲಿ ಆ ಕೆರೆಗೆ ಬೆಂಕಿ ಬಿದ್ದಿದ್ದನ್ನು ನೋಡಿದ್ದೇವೆ.

ನೀರನ್ನಾದರೂ ತಿರುಗಿಸಬಹುದು, ನೆಲವನ್ನು? ಲೇಕ್ ವಾಷಿಂಗ್ಟನ್ ನೀರು ಕಾಲುವೆಯಲ್ಲಿ ಹರಿದು ಲೇಕ್ ಯೂನಿಯನ್ ಸೇರುತ್ತದೆ. ಅದರ ಉತ್ತರ ದಡದಲ್ಲಿ 1906ರಿಂದ 1956ರವರೆಗೆ ಕಲ್ಲಿದ್ದಲಿನಿಂದ, ಆಮೇಲೆ ಎಣ್ಣೆಯಿಂದ ಗ್ಯಾಸ್ ತಯಾರಿಸುವ ಕಾರ್ಖಾನೆ ಇತ್ತು. ನೆಲದಲ್ಲಿ ಡಾಂಬರು ಇಂಗಿತ್ತು. ಆ ಜಾಗವನ್ನು ಪಾರ್ಕ್ ಮಾಡಲು ನಗರಸಭೆ 1962ರಲ್ಲಿ ಕೊಳ್ಳಲು ಹೊರಟಿತು. ವಿನ್ಯಾಸಕಾರ ರಿಚರ್ಡ್ ಹಾಗ್ ಹಳೆಯ ಗೋಪುರಗಳನ್ನು ಕೆಡವಲಿಲ್ಲ, ಮಣ್ಣನ್ನೂ ಪೂರ್ತಿ ಹೊರಗೆ ಸಾಗಿಸಲಿಲ್ಲ. ಕೊಳಚೆ ಘಟಕದ ಕೆಸರು, ಮರದ ಹೊಟ್ಟು ಬೆರೆಸಿ ಉತ್ತು, ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗೆ ಬಿಟ್ಟರು. 1975ರಲ್ಲಿ ಗ್ಯಾಸ್ ವರ್ಕ್ಸ್ ಪಾರ್ಕ್ ತೆರೆಯಿತು.

ಉಪಾಯ ಅರ್ಧ ಫಲಿಸಿತು. ಬೀರುವಿನಲ್ಲಿಡುವ ನುಸಿಗುಳಿಗೆಯ ನ್ಯಾಫ್ತಲೀನ್‌ನಲ್ಲಿ ಇಂಗಾಲದ ಪರಮಾಣುಗಳ ಎರಡು ಉಂಗುರಗಳಿವೆ, ಬ್ಯಾಕ್ಟೀರಿಯಾ ಅದನ್ನು ಸಲೀಸಾಗಿ ಮುಗಿಸುತ್ತದೆ. ಡಾಂಬರಿನಲ್ಲೇ ಇರುವ ಬೆಂಜೊಪೈರೀನ್‌ನಲ್ಲಿ ಐದು ಉಂಗುರ. ಅದು ನೀರಿಗೂ ಬಾರದೆ ಮಣ್ಣಿಗೆ ಅಂಟಿ ಕೂರುತ್ತದೆ, ಕ್ಯಾನ್ಸರ್ ತರುತ್ತದೆ. 1984ರ ಮಣ್ಣಿನ ಪರೀಕ್ಷೆಯಲ್ಲಿ ಈ ಜಾತಿಯ ವಸ್ತುಗಳು ಸಿಕ್ಕಿ ಪಾರ್ಕನ್ನು ಕೆಲಕಾಲ ಮುಚ್ಚಬೇಕಾಯಿತು. ಆಮೇಲೆ ಮೇಲೆ ಹೊಸ ಮಣ್ಣು ಹಾಸಿದರು. ಇವತ್ತು ಅಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾರೆ. ದಡದಲ್ಲಿ ನೀರಿಗಿಳಿಯಲು ಮಾತ್ರ ಬಿಡುವುದಿಲ್ಲ. ಸರೋವರದ ತಳದ ಡಾಂಬರನ್ನು ತೆಗೆಸುವ ಹೊಣೆ ಈಗ ಗ್ಯಾಸ್ ಕಂಪನಿಯ ವಾರಸುದಾರರ ಜೊತೆಗೆ ನಗರಸಭೆಯ ತಲೆಗೂ ಬಂದಿದೆ. ಅಲ್ಲಿನ ಕಾನೂನಿನಲ್ಲಿ ಜಾಗದ ಈಗಿನ ಒಡೆಯರೂ ಜವಾಬ್ದಾರರೇ.