ಜೌಗಿನ ಗೆರೆಗೆ ಯಾರ ಸಹಿ? ಅಮೆರಿಕದ ರಾಜ್ಯಗಳು ಖಾಸಗಿ ತಜ್ಞರಿಗೆ ಮಾನ್ಯತೆ ಕೊಡುವ ಬಗೆ

ಅಮೆರಿಕದಲ್ಲಿ ಮನೆ, ರಸ್ತೆ, ಗೋದಾಮು ಕಟ್ಟಲು ಜಮೀನು ಕೊಂಡವರು ಮಣ್ಣು ತುಂಬಿಸುವ ಮೊದಲು ಅಲ್ಲಿ ಜೌಗು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ತೋರಿಸಬೇಕು. ಈ ಗೆರೆಯನ್ನು ಸರ್ಕಾರಿ ಅಧಿಕಾರಿ ತಾನೇ ಎಳೆಯುವುದು ಕಡಿಮೆ. ಬಹುಪಾಲು ಸಲ ಮಾಲೀಕರೇ ಹಣ ಕೊಟ್ಟು ನೇಮಿಸಿಕೊಂಡ ಖಾಸಗಿ ತಜ್ಞರು ಎಳೆಯುತ್ತಾರೆ. ತೊಡಕು ಇಲ್ಲೇ ಇದೆ. ಗೆರೆ ಹತ್ತು ಅಡಿ ತಗ್ಗಿನ ಕಡೆಗೆ ಸರಿದರೆ ಮಾಲೀಕರಿಗೆ ಒಂದು ನಿವೇಶನ ಹೆಚ್ಚು ಸಿಗಬಹುದು. ಅಷ್ಟೇ ಜೌಗು ಕಾಗದದ ಮೇಲೆ ಇಲ್ಲವಾಗುತ್ತದೆ. ಹಾಗಾಗಿ ಗೆರೆ ಎಳೆದವರು ಯಾರು, ಅವರ ಕೆಲಸಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಕಚೇರಿಯ ಔಪಚಾರಿಕತೆಗೆ ಮುಗಿಯುವುದಿಲ್ಲ.

ರಾಷ್ಟ್ರಮಟ್ಟದಲ್ಲಿ ಇದಕ್ಕೆ ಉತ್ತರ ಹುಡುಕುವ ಪ್ರಯತ್ನ ನಡೆದಿತ್ತು. ಇಂಥ ತಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಅಧಿಕಾರವನ್ನು 1990ರ ಜಲಸಂಪನ್ಮೂಲ ಅಭಿವೃದ್ಧಿ ಕಾಯ್ದೆ ಸೇನೆಯ ಎಂಜಿನಿಯರ್ ದಳಕ್ಕೆ ಕೊಟ್ಟಿತು. 1993ರಲ್ಲಿ ಫ್ಲಾರಿಡಾ, ಮೇರಿಲ್ಯಾಂಡ್, ವಾಷಿಂಗ್ಟನ್ ರಾಜ್ಯಗಳಲ್ಲಿ ಪ್ರಯೋಗವೂ ನಡೆಯಿತು. ಆದರೆ ಅಂತಿಮ ನಿಯಮ ಹೊರಬರಲೇ ಇಲ್ಲ. ಆ ಜಾಗವನ್ನು ಕೆಲವು ರಾಜ್ಯಗಳು ತಮ್ಮದೇ ರೀತಿಯಲ್ಲಿ ತುಂಬಿಕೊಂಡವು.

ವರ್ಜೀನಿಯಾದಲ್ಲಿರುವುದು ಬಿರುದಿನ ರಕ್ಷಣೆ. ಪ್ರಮಾಣಪತ್ರ ಇಲ್ಲದವರೂ ಗೆರೆ ಎಳೆಯಬಹುದು, ಆದರೆ ಹೆಸರಿನ ಜೊತೆ ‘ಪ್ರಮಾಣಿತ’ ತಜ್ಞ ಎಂಬ ಬಿರುದು ಹಾಕಿಕೊಳ್ಳುವಂತಿಲ್ಲ. ಬೇಕಾದವರು ಸಂಬಂಧಪಟ್ಟ ವಿಜ್ಞಾನದಲ್ಲಿ ಪದವಿ, ಮಂಡಳಿ ಒಪ್ಪಿದ ತರಬೇತಿ, ಮಾನ್ಯತೆ ಪಡೆದವರ ಕೈಕೆಳಗೆ 4 ವರ್ಷಗಳ ಅನುಭವ ತೋರಿಸಿ ಪರೀಕ್ಷೆ ಪಾಸಾಗಬೇಕು. ಪದವಿ ಇಲ್ಲದವರಿಗೆ 6 ವರ್ಷಗಳ ಅನುಭವದ ದಾರಿ ಇದೆ. ನ್ಯೂ ಹ್ಯಾಂಪ್‌ಶೈರ್ ಇನ್ನೂ ಬಿಗಿ. ಅಲ್ಲಿ ಜೌಗಿನ ಪರ್ಮಿಟ್‌ಗೆ ಹೋಗುವ ಬಹುತೇಕ ನಕ್ಷೆಗಳ ಮೇಲೆ ಪ್ರಮಾಣಿತ ಜೌಗುತಜ್ಞರ ಮುದ್ರೆ ಮತ್ತು ಸಹಿ ಇರಬೇಕು. ಮಿನೆಸೋಟದಲ್ಲಿ ವಿಶ್ವವಿದ್ಯಾಲಯವೂ ರಾಜ್ಯದ ಜಲ-ಮಣ್ಣು ಮಂಡಳಿಯೂ ಸೇರಿ ಕಾರ್ಯಕ್ರಮ ನಡೆಸುತ್ತವೆ. ಪರೀಕ್ಷೆ ಪಾಸಾಗಿಯೂ ಅನುಭವ ಸಾಲದವರನ್ನು ‘ತರಬೇತಿಯಲ್ಲಿರುವವರು’ ಎಂಬ ಬೇರೆ ಪಟ್ಟಿಯಲ್ಲಿಡುತ್ತಾರೆ. ವಿಸ್ಕಾನ್ಸಿನ್ ಎಲ್ಲರಿಗಿಂತ ಮುಂದೆ ಹೋಗಿದೆ: ಅಲ್ಲಿನ ನಿಸರ್ಗ ಸಂಪನ್ಮೂಲ ಇಲಾಖೆಯ ಭರವಸೆ ಪಡೆದ ತಜ್ಞರು ಎಳೆದ ಗೆರೆಯನ್ನು, ರಾಜ್ಯದ ಮಟ್ಟಿಗೆ, ಇಲಾಖೆ ಮತ್ತೆ ಪರಿಶೀಲಿಸದೆ ಒಪ್ಪಿಕೊಳ್ಳುತ್ತದೆ.

ವಿಸ್ಕಾನ್ಸಿನ್ ಮಾದರಿ ಸಮಯ ಉಳಿಸುತ್ತದೆ, ಒಪ್ಪುವ ಮಾತು. ಆದರೆ ಇಲಾಖೆ ಆ ತಜ್ಞರ ವರದಿಗಳನ್ನು ಆಗಾಗ ತೆಗೆದು ನೋಡಿ, ಜಾಗಕ್ಕೂ ಹೋಗಿ ತಾಳೆ ಹಾಕುತ್ತಿದ್ದರೆ ಮಾತ್ರ ಆ ನಂಬಿಕೆಗೆ ಬೆಲೆ. ಒಮ್ಮೆ ಪಾಸಾದ ಪರೀಕ್ಷೆ ಹತ್ತು ವರ್ಷದ ನಂತರ ಮಣ್ಣು ನೋಡಲು ತೋಡಿದ ಗುಂಡಿಯಲ್ಲಿ ಏನಿದೆ ಎಂದು ಹೇಳಲಾರದು.

ಹಾಗಾದರೆ ಅಲ್ಲಿ ತೂಗುವುದು ಏನನ್ನು? ಎಂಜಿನಿಯರ್ ದಳದ 1987ರ ಕೈಪಿಡಿ ಮತ್ತು ಅದಕ್ಕೆ ಬಂದ ಪ್ರಾದೇಶಿಕ ಪೂರಕಗಳ ಪ್ರಕಾರ ಮೂರು ಲಕ್ಷಣಗಳೂ ಒಂದೇ ಜಾಗದಲ್ಲಿ ಸಿಗಬೇಕು: ನೀರೊಲಿದ ಗಿಡ, ನೀರುಂಡ ಮಣ್ಣು, ನೀರಿನ ಗುರುತು. ಸಾಮಾನ್ಯ ಸ್ಥಿತಿಯಲ್ಲಿ ಒಂದು ತಪ್ಪಿದರೂ ಗೆರೆ ಅಲ್ಲಿಗೆ ನಿಲ್ಲುತ್ತದೆ.

ಗಿಡಗಳನ್ನು ಸದಾ ಜೌಗಿನವುಗಳಿಂದ ಹಿಡಿದು ಒಣನೆಲದವುಗಳವರೆಗೆ ಐದು ದರ್ಜೆಗಳಲ್ಲಿ ಪಟ್ಟಿ ಮಾಡಿದ್ದಾರೆ. ನಮ್ಮ ಕೆರೆಗಳಲ್ಲೂ ಕಾಣುವ ಆಪಿನ ಜಾತಿಯವು ಸದಾ ಜೌಗಿನಲ್ಲೇ ಬೆಳೆಯುವ ದರ್ಜೆಗೆ ಸೇರುತ್ತವೆ. ಕೆಂಪು ಮೇಪಲ್ ಮರ ನಡುವಿನ ದರ್ಜೆಯದು. ಕೆಸರಲ್ಲೂ ಬರುತ್ತದೆ, ಒಣ ದಿಬ್ಬದಲ್ಲೂ ಬರುತ್ತದೆ. ಮರಗಳಿಗೆ 30 ಅಡಿ, ಪೊದೆಗಳಿಗೆ 15, ಹುಲ್ಲು-ಸೊಪ್ಪಿಗೆ 5 ಅಡಿ ತ್ರಿಜ್ಯದ ವೃತ್ತ ಹಾಕಿ ಪ್ರತಿ ಜಾತಿ ಎಷ್ಟು ನೆಲ ಮುಚ್ಚಿದೆ ಎಂದು ಅಂದಾಜಿಸುತ್ತಾರೆ. ಪ್ರತಿ ಸ್ತರದಲ್ಲೂ ಹೆಚ್ಚಿನದರಿಂದ ಕೂಡುತ್ತ ಬಂದು ಒಟ್ಟು ಹೊದಿಕೆಯ ಶೇ 50 ದಾಟುವವರೆಗಿನ ಜಾತಿಗಳು, ಜೊತೆಗೆ ತಾನೊಂದೇ ಶೇ 20 ಅಥವಾ ಹೆಚ್ಚಿರುವ ಯಾವುದೇ ಜಾತಿ, ಇವು ಪ್ರಧಾನ. ಪ್ರಧಾನ ಜಾತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೇಲಿನ ಮೂರು ದರ್ಜೆಯವಾದರೆ ಗಿಡದ ಪರೀಕ್ಷೆ ಪಾಸು. ಪಾಸಾಗದಿದ್ದರೂ ಮಣ್ಣು, ನೀರು ಎರಡೂ ಜೌಗೆಂದೇ ಹೇಳುತ್ತಿದ್ದರೆ ಅಲ್ಲಿಗೆ ಕೈಬಿಡಬಾರದು. ದರ್ಜೆಗಳಿಗೆ 1ರಿಂದ (ಸದಾ ಜೌಗು) 5ರವರೆಗೆ (ಒಣನೆಲ) ಅಂಕ ಕೊಟ್ಟು, ಹೊದಿಕೆಗೆ ತಕ್ಕ ತೂಕದಲ್ಲಿ ಎಲ್ಲ ಜಾತಿಗಳ ಸರಾಸರಿ ತೆಗೆದು, ಅದು 3.0 ಅಥವಾ ಕಡಿಮೆ ಇದೆಯೇ ಎಂದು ನೋಡಬೇಕು.

ಹೆಚ್ಚು ತಪ್ಪು ಆಗುವುದು ಮಣ್ಣಿನಲ್ಲಿ. ಗುಂಡಿ ಸಾಮಾನ್ಯವಾಗಿ 20 ಇಂಚು ಆಳ ಬೇಕು. ನೀರು ನಿಂತ ನೆಲದಲ್ಲಿ ಗಾಳಿಯಾಡದೆ ಸೂಕ್ಷ್ಮಜೀವಿಗಳು ಕಬ್ಬಿಣವನ್ನು ಕರಗಿಸುತ್ತವೆ, ಮಣ್ಣು ಬೂದಿ ಬಣ್ಣಕ್ಕೆ ತಿರುಗುತ್ತದೆ. ಕರಗಿದ ಕಬ್ಬಿಣ ಬೇರಿನ ಸುತ್ತ, ಬಿರುಕುಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆಯಾಗಿ ಕೂರುತ್ತದೆ. ಮಣ್ಣನ್ನು ಬಣ್ಣದ ಚೌಕಗಳೊಂದಿಗೆ ಹೋಲಿಸುವ ಮನ್ಸೆಲ್ ಪುಸ್ತಕದಲ್ಲಿ ಕ್ರೋಮಾ (ಬಣ್ಣದ ಗಾಢತೆ) 2 ಅಥವಾ ಅದಕ್ಕಿಂತ ಕಡಿಮೆ ಇರುವ, ಪದರದ ಶೇ 60ರಷ್ಟನ್ನಾದರೂ ತುಂಬಿದ ಈ ಬೂದು ಮಣ್ಣು ಮೇಲಿನ 10 ಇಂಚಿನೊಳಗೆ ಶುರುವಾಗಿ 6 ಇಂಚು ದಪ್ಪವಿದ್ದರೆ ಅದು ಒಂದು ಖಚಿತ ಸೂಚಕ. ಬಣ್ಣವನ್ನು ಹಸಿ ಮಣ್ಣಿನಲ್ಲೇ, ನೇರ ಬಿಸಿಲಿನಲ್ಲಿ, ಕಪ್ಪು ಕನ್ನಡಕ ತೆಗೆದು ನೋಡಬೇಕು. ಒಣಗಿದ ಹೆಂಟೆಯನ್ನು ಮರದ ನೆರಳಿನಲ್ಲಿ ಹಿಡಿದರೆ ಓದಿಕೆ ಒಂದು ಚೌಕ ಆಚೀಚೆ ಆಗುತ್ತದೆ, ಅಷ್ಟರಲ್ಲೇ ತೀರ್ಮಾನ ಬದಲಾಗುತ್ತದೆ. ಕೆಂಪು ಶಿಲೆಯಿಂದ ಆದ ಮಣ್ಣಂತೂ ವರ್ಷಗಟ್ಟಲೆ ನೀರುಂಡರೂ ಬೂದಿಯಾಗಲು ಒಪ್ಪುವುದಿಲ್ಲ. ಅಂಥ ಕಡೆ ಬೇರೆ ಸೂಚಕಗಳೇ ಇವೆ, ಅವನ್ನು ತಿಳಿಯದವರು ಜೌಗನ್ನು ಒಣಭೂಮಿ ಎಂದು ಬರೆದುಬಿಡುತ್ತಾರೆ.

ನೀರಿನದು ಬೇರೆ ಬಗೆಯ ಕಷ್ಟ. ಅಳತೆ ಕೊಳವೆ ನೆಟ್ಟು ನೋಡುವುದಾದರೆ ಬೆಳವಣಿಗೆಯ ಋತುವಿನಲ್ಲಿ ಸತತ 14 ದಿನ ಅಂತರ್ಜಲ ನೆಲದಿಂದ 12 ಇಂಚಿನೊಳಗೆ ಇರಬೇಕು, ಹತ್ತರಲ್ಲಿ ಐದು ವರ್ಷವಾದರೂ ಹಾಗಾಗಬೇಕು. ಒಂದೇ ಭೇಟಿಯಲ್ಲಿ ಇದು ಸಾಧ್ಯವಿಲ್ಲದ ಕಾರಣ ಸೂಚಕಗಳನ್ನು ನಂಬುತ್ತಾರೆ: ನಿಂತ ನೀರು, ಕೊಳೆತ ಮೊಟ್ಟೆಯ ವಾಸನೆ, ಜೀವಂತ ಬೇರಿನ ಸುತ್ತ ತುಕ್ಕಿನ ಪದರ ಇಂಥ ಪ್ರಧಾನ ಸೂಚಕ ಒಂದಿದ್ದರೆ ಸಾಕು, ಗೌಣ ಸೂಚಕಗಳಾದರೆ ಎರಡು ಬೇಕು. ಹಿಂದಿನ ಮೂರು ತಿಂಗಳ ಮಳೆಯನ್ನು 30 ವರ್ಷದ ದಾಖಲೆಯೊಂದಿಗೆ ಹೋಲಿಸಿ, ಪ್ರತಿ ತಿಂಗಳಿಗೂ ಮಳೆ ಕಡಿಮೆಯಾದರೆ 1, ಸಾಧಾರಣವಾದರೆ 2, ಹೆಚ್ಚಾದರೆ 3 ಅಂಕ ಕೊಡುತ್ತಾರೆ. ಆ ಅಂಕವನ್ನು ಹತ್ತಿರದ ತಿಂಗಳಿಗೆ 3, ಅದರ ಹಿಂದಿನದಕ್ಕೆ 2, ಮತ್ತೂ ಹಿಂದಿನದಕ್ಕೆ 1ರಿಂದ ಗುಣಿಸಿ ಕೂಡುತ್ತಾರೆ. ಮೊತ್ತ 10ರಿಂದ 14 ಇದ್ದರೆ ಸಾಧಾರಣ ಕಾಲ. 9 ಅಥವಾ ಕಡಿಮೆ ಬಂದರೆ ಬರದ ಹೊತ್ತು. ಆಗ ನೀರು ಕಾಣಲಿಲ್ಲ ಎಂಬುದು ಪುರಾವೆಯೇ ಅಲ್ಲ. ಈ ಲೆಕ್ಕ ಇಲ್ಲದ ವರದಿಯನ್ನು ಬದಿಗಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉತ್ತ ಹೊಲದಲ್ಲಿ ಗಿಡವೂ ಇರದು, ಮೇಲ್ಮಣ್ಣೂ ಕಲಸಿಹೋಗಿರುತ್ತದೆ. ಅದಕ್ಕೇ ಮಿನೆಸೋಟದಲ್ಲಿ ಸಾಧಾರಣ ಮಳೆಯ ಹಲವು ವರ್ಷಗಳ ವೈಮಾನಿಕ ಚಿತ್ರಗಳನ್ನು ಸಾಲಾಗಿಟ್ಟು, ಅರ್ಧಕ್ಕಿಂತ ಹೆಚ್ಚು ವರ್ಷ ಅದೇ ಜಾಗದಲ್ಲಿ ಬೆಳೆ ಕೊಳೆತ ಅಥವಾ ನೀರು ನಿಂತ ಗುರುತಿದೆಯೇ ಎಂದು ನೋಡುತ್ತಾರೆ.

ಗೆರೆ ಬೇರೆ, ಅಧಿಕಾರವ್ಯಾಪ್ತಿ ಬೇರೆ. ಜೌಗು ಎಲ್ಲಿ ಮುಗಿಯುತ್ತದೆ ಎಂಬುದನ್ನು ತಜ್ಞರು ಹೇಳುತ್ತಾರೆ. ಅದು ಯಾವ ಕಾನೂನಿನಡಿ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಸರ್ಕಾರ. 2023ರ ಮೇ 25ರ ಸ್ಯಾಕೆಟ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನದಿ-ಸರೋವರಗಳಿಗೆ ನೆಲದ ಮೇಲೆ ಕಡಿಯದ ನೀರಿನ ನಂಟಿರುವ ಜೌಗಿಗೆ ಮಾತ್ರ ಕೇಂದ್ರದ ಕಾಯ್ದೆಯನ್ನು ಸೀಮಿತಗೊಳಿಸಿತು. ಮೇಲೆ ಹೇಳಿದ, ತಜ್ಞರಿಗೆ ಮಾನ್ಯತೆ ಕೊಡುವ ನಾಲ್ಕೂ ರಾಜ್ಯಗಳಿಗೆ ಸ್ವಂತ ಕಾನೂನು ಇದೆ. ಹಾಗಾಗಿ ಒಂಟಿ ಜೌಗಿನ ಮಟ್ಟಿಗೆ ರಾಜ್ಯ ಮಾನ್ಯ ಮಾಡಿದ ತಜ್ಞರ ಗೆರೆಗೆ ಈಗ ಮೊದಲಿಗಿಂತ ಹೆಚ್ಚಿನ ತೂಕ ಬಂದಿದೆ.

ನಮ್ಮಲ್ಲಿ ಜೌಗಿನ ಗೆರೆಗೆಂದೇ ಖಾಸಗಿಯವರಿಗೆ ಇಂಥ ಮಾನ್ಯತೆ ಇಲ್ಲ. ಪರಿಸರ ಪರಿಣಾಮ ವರದಿ ಬರೆಯುವ ಸಂಸ್ಥೆಗಳಿಗೆ ನ್ಯಾಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇದೆ, ಆದರೆ ಅದು ಗುಂಡಿ ತೋಡಿ ಗಡಿ ಹಿಡಿಯುವ ಕೆಲಸಕ್ಕೆ ಕೊಟ್ಟದ್ದಲ್ಲ. 2.25 ಹೆಕ್ಟೇರ್‌ಗಿಂತ ದೊಡ್ಡ ಜೌಗುಗಳನ್ನು ಸ್ಥಳದಲ್ಲೇ ಪರಿಶೀಲಿಸಿ ಗಡಿ ಗುರುತಿಸಿ ಎಂದು 2024ರ ಡಿಸೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಸರ್ವೆ ನಂಬರಿನ ಹದ್ದುಗಲ್ಲಿನ ಜೊತೆಗೆ ಮಣ್ಣನ್ನೂ ಗಿಡವನ್ನೂ ಓದಬಲ್ಲವರು ಬೇಕು.

ವರದಿ ಕೈಗೆ ಬಂದಾಗ ಮುದ್ರೆಗಿಂತ ಮೊದಲು ದತ್ತಾಂಶದ ಹಾಳೆಗಳನ್ನು ತೆರೆಯಿರಿ. ಗೆರೆಯ ಒಳಗೊಂದು, ಹೊರಗೊಂದು ಎಂದು ಜೋಡಿ ಗುಂಡಿಗಳಿರಬೇಕು. ನೆಲದ ಇಳಿಜಾರು ಬದಲಾದ ಕಡೆಯೆಲ್ಲ ಹೊಸ ಜೋಡಿ ಬೇಕು. ಉದ್ದ ಗೆರೆಗೆ ಒಂದೇ ಜೋಡಿ ಇದ್ದರೆ ಉಳಿದದ್ದು ಊಹೆ. ನೆಲದಲ್ಲಿ ಕಟ್ಟಿದ ಬಣ್ಣದ ರಿಬ್ಬನ್‌ಗಳ ಸಂಖ್ಯೆ ನಕ್ಷೆಯ ಸಂಖ್ಯೆಗೆ ಹೊಂದಬೇಕು, ಮತ್ತು ಅವನ್ನು ಒಂದು ಮೀಟರ್‌ಗಿಂತ ಕಡಿಮೆ ದೋಷದ ಜಿಪಿಎಸ್ ಅಥವಾ ಸರ್ವೇಯರ್ ಅಳೆದಿರಬೇಕು. ಫೋನಿನ ಜಿಪಿಎಸ್ ಹಲವು ಮೀಟರ್ ತಪ್ಪಬಹುದು. ಸರ್ವೇಯರ್ ಕಚೇರಿಯಲ್ಲಿ ಅಂಕುಡೊಂಕನ್ನು ನೇರ ಮಾಡಿದ್ದಾರೆಯೇ ಎಂದು ರಿಬ್ಬನ್‌ಗಳ ಕಚ್ಚಾ ಬಿಂದುಗಳೊಂದಿಗೆ ಹೋಲಿಸಿ ನೋಡಿ. ಒಪ್ಪಿತವಾದ ಗೆರೆಗೆ ಸಾಮಾನ್ಯವಾಗಿ 5 ವರ್ಷದ ಆಯುಸ್ಸು. ಅವಧಿ ಮುಗಿಯುವ ಹೊತ್ತಿಗೆ ಕಾಮಗಾರಿ ಶುರುವಾಗದಿದ್ದರೆ, ಬೆಳವಣಿಗೆಯ ಋತು ಇರುವಾಗಲೇ ಮರುಪರಿಶೀಲನೆಗೆ ದಿನ ಗೊತ್ತುಮಾಡಿಕೊಳ್ಳಬೇಕು. ಹಿಮ ಬಿದ್ದ ಮೇಲೆ ಹುಲ್ಲು-ಸೊಪ್ಪಿನ ಜಾತಿ ಗುರುತಿಸಲು ಆಗುವುದಿಲ್ಲ.