ಒಡಹುಟ್ಟಿದವರ ಭೇಟಿಗೂ ಆದೇಶದಲ್ಲಿ ಜಾಗ ಇರಲಿ

ವಿಚ್ಛೇದನಕ್ಕೆಂದು ನನ್ನ ಬಳಿ ಬರುವ ತಂದೆ-ತಾಯಿ ಮೊದಲು ಕೇಳುವುದು, ಮಗುವನ್ನು ತಾವು ಎಷ್ಟು ದಿನಕ್ಕೊಮ್ಮೆ ನೋಡಬಹುದು ಎಂದು. ಮಕ್ಕಳನ್ನು ಒಬ್ಬೊಬ್ಬರು ಒಂದೊಂದು ಕಡೆ ಇಟ್ಟುಕೊಳ್ಳುವುದಾದರೆ ಆ ಮಕ್ಕಳು ಪರಸ್ಪರ ಯಾವಾಗ ಸೇರುತ್ತಾರೆ ಎಂಬುದನ್ನು ಹೆಚ್ಚಾಗಿ ನಾನೇ ಎತ್ತಬೇಕಾಗುತ್ತದೆ.

ಆಗ ಟರ್ಕಿಯ ಪ್ರಕರಣವೊಂದನ್ನು ಹೇಳುತ್ತೇನೆ. ಅಲ್ಲಿನ ನ್ಯಾಯಾಲಯ ಮಗನನ್ನು ತಂದೆಗೆ, ಮಗಳನ್ನು ತಾಯಿಗೆ ಒಪ್ಪಿಸಿ, ಭೇಟಿಯ ದಿನಗಳನ್ನೂ ಗೊತ್ತುಮಾಡಿತ್ತು. ಆದರೆ ಮಗ ತಾಯಿಯ ಮನೆಗೆ ಹೋಗುವ ಹೊತ್ತಿಗೇ ಮಗಳು ತಂದೆಯ ಮನೆಗೆ ಹೋಗಬೇಕಿತ್ತು. ಹೆತ್ತವರಿಬ್ಬರಿಗೂ ಪಾಲು ಸಿಕ್ಕಿತು, ಮಕ್ಕಳು ಮಾತ್ರ ಒಟ್ಟಿಗೆ ಇರುವ ಗಳಿಗೆಯೇ ಇಲ್ಲವಾಯಿತು. ಇದು ಕೌಟುಂಬಿಕ ಜೀವನದ ಹಕ್ಕಿನ ಉಲ್ಲಂಘನೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು.

ಕೆಲವು ದೇಶಗಳಲ್ಲಿ ಇದು ಕಾನೂನಿನಲ್ಲೇ ಇದೆ. ಮಗುವಿನ ಹಿತಕ್ಕೆ ಒಳ್ಳೆಯದಾದರೆ ಒಡಹುಟ್ಟಿದವರಿಗೂ ಭೇಟಿಯ ಹಕ್ಕುಂಟು ಎನ್ನುತ್ತದೆ ಜರ್ಮನಿಯ ನಾಗರಿಕ ಸಂಹಿತೆಯ 1685ನೇ ಕಲಂ. ಫ್ರಾನ್ಸಿನಲ್ಲಿ ಅವರನ್ನು ಅಗಲಿಸದಿರುವುದೇ ಸಾಮಾನ್ಯ ನಿಯಮ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಮಾತ್ರ ತಂದೆ-ತಾಯಿಯ ಸಂಪರ್ಕದ ಬಗ್ಗೆಯಷ್ಟೇ ಹೇಳುತ್ತದೆ. ಅಪ್ರಾಪ್ತ ಮಕ್ಕಳ ಪಾಲಕತ್ವವನ್ನು ಕುರಿತ ಭಾರತದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲೂ ಒಡಹುಟ್ಟಿದವರಿಗೆಂದೇ ಕಲಂ ಇಲ್ಲ. ಆದರೂ ಅದರ 17ನೇ ಕಲಂ ಮಗುವಿನ ಹಿತವನ್ನು ನೋಡಲು ಹೇಳುತ್ತದೆ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಪರಿಗಣಿಸಲೂ ಅವಕಾಶ ಕೊಡುತ್ತದೆ. ಒಡಹುಟ್ಟಿದವರ ಭೇಟಿಯನ್ನು ಕೇಳಲು ಅಷ್ಟು ಆಧಾರ ಸಾಕು ಎಂಬುದು ನನ್ನ ಅಭಿಪ್ರಾಯ.

ಕೇಳುವಾಗ ಬಿಡಿಸಿ ಕೇಳಬೇಕು. ರಾಜಿಪತ್ರದಲ್ಲಿ 'ಅನುಕೂಲವಿದ್ದಾಗ ಮಕ್ಕಳು ಭೇಟಿಯಾಗತಕ್ಕದ್ದು' ಎಂದು ಬರೆದರೆ ಮೊದಲ ಜಗಳಕ್ಕೇ ಆ ಅನುಕೂಲ ಮಾಯವಾಗುತ್ತದೆ. 'ಎರಡನೇ ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಸಂಜೆ ಐದರವರೆಗೆ ಇಬ್ಬರೂ ತಂದೆಯ ಬಳಿ, ನಾಲ್ಕನೇ ಶನಿವಾರ ಅದೇ ವೇಳೆಗೆ ಇಬ್ಬರೂ ತಾಯಿಯ ಬಳಿ' ಎಂದು ಬರೆಸಿ. ರಜೆ, ಹುಟ್ಟುಹಬ್ಬ, ವಿಡಿಯೋ ಕರೆಯ ಸಮಯವೂ ಅದರಲ್ಲಿರಲಿ. ಜೀವನಾಂಶ ಬಾಕಿ ಇದ್ದರೂ ಈ ಭೇಟಿ ನಿಲ್ಲಕೂಡದು ಎಂಬ ಸಾಲನ್ನು ನಾನು ತಪ್ಪದೆ ಸೇರಿಸುತ್ತೇನೆ. ದೊಡ್ಡವರ ಲೆಕ್ಕಾಚಾರದ ಸಿಟ್ಟು ಎಷ್ಟೋ ಸಲ ಮಕ್ಕಳ ಭೇಟಿಯ ಮೇಲೆಯೇ ಬಂದು ಬೀಳುತ್ತದೆ.

ಒಂದು ಮಗುವಿನಿಂದ ಇನ್ನೊಂದಕ್ಕೆ ಹಿಂಸೆಯಾಗಿದ್ದರೆ ಮಾತ್ರ ಆತುರ ಬೇಡ. ಅಂಥಲ್ಲಿ ಆಪ್ತಸಮಾಲೋಚಕರ ವರದಿ ಬಂದ ಮೇಲೆ, ಅವರ ಸಮ್ಮುಖದಲ್ಲೇ ಸ್ವಲ್ಪ ಹೊತ್ತಿನ ಭೇಟಿಯಿಂದ ಶುರುಮಾಡುವಂತೆ ಕೋರುತ್ತೇನೆ.