ಸೂಪರ್‌ಫ್ಲೂಯಿಡ್‌ನಲ್ಲಿ ಎದ್ದ ಸುಳಿ ನಿಲ್ಲುವುದೇ ಇಲ್ಲವಾ?

ಪ್ರಶ್ನೆ: ಸೂಪರ್‌ಫ್ಲೂಯಿಡ್‌ನಲ್ಲಿ ಘರ್ಷಣೆಯೇ ಇಲ್ಲ ಅನ್ನುತ್ತಾರೆ. ಹಾಗಾದರೆ ಅದರೊಳಗಿನ ಸುಳಿ ಕೊನೆಯವರೆಗೂ ತಿರುಗುತ್ತಲೇ ಇರುತ್ತದಾ?

ಉತ್ತರ: ಬಕೆಟ್ ನೀರಿನ ಸುಳಿಯ ಹಾಗೆ ಸವೆದು ಸವೆದು ನಿಲ್ಲುವುದಿಲ್ಲ, ನಿಜ. ಆದರೆ ಅದಕ್ಕೆ ಸಾವೇ ಇಲ್ಲ ಅಂತಲ್ಲ. ಘರ್ಷಣೆ ಇಲ್ಲ ಅನ್ನುವುದು ಅರ್ಧ ಕಾರಣ ಅಷ್ಟೇ.

ದ್ರವ ಹೀಲಿಯಂ 2.17 ಕೆಲ್ವಿನ್‌ಗಿಂತ (ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್) ತಣ್ಣಗಾದರೆ ಸೂಪರ್‌ಫ್ಲೂಯಿಡ್ ಆಗುತ್ತದೆ. ಅದು ಇಡಿಯಾಗಿ ಒಂದೇ ಅಲೆಯಂತೆ ನಡೆದುಕೊಳ್ಳುತ್ತದೆ. ಆ ಅಲೆಯ ಫೇಸ್ ಅನ್ನು, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದನ್ನು, ಗಡಿಯಾರದ ಮುಳ್ಳು ಅಂದುಕೊಳ್ಳಿ. ಸುಳಿಯ ಸುತ್ತ ಒಂದು ಪ್ರದಕ್ಷಿಣೆ ಮುಗಿಸುವಾಗ ಮುಳ್ಳೂ ಮೊದಲಿದ್ದ ಕಡೆಗೇ ಬಂದಿರಬೇಕು. ಒಂದು ಸುತ್ತು ಸರಿ, ಎರಡು ಸುತ್ತೂ ಸರಿ, ಮುಕ್ಕಾಲು ಸುತ್ತು ನಡೆಯುವುದಿಲ್ಲ. ಸುಳಿಯ ವೇಗವನ್ನು ನಿರ್ಧರಿಸುವುದೇ ಮುಳ್ಳಿನ ಈ ಸುತ್ತುಗಳ ಎಣಿಕೆ. ಹಾಗಾಗಿ ಸುಳಿ ಸುಮ್ನೆ ಚೂರುಚೂರೇ ನಿಧಾನವಾಗಲು ದಾರಿಯೇ ಇಲ್ಲ. 1949ರಲ್ಲಿ ವಿಜ್ಞಾನಿ ಲಾರ್ಸ್ ಆನ್‌ಸಾಗರ್ ಹೇಳಿದ್ದು ಇದನ್ನೇ. 1955ರಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದನ್ನು ಬೆಳೆಸಿದರು.

ಈ ಸುಳಿಯ ನಡು ಒಂದು ಪರಮಾಣುವಿನಷ್ಟೇ ತೆಳು. ಅಲ್ಲಿಂದ 1 ಮಿಲಿಮೀಟರ್ ಆಚೆ ಹೀಲಿಯಂ ಒಂದು ಸುತ್ತು ಬರಲು ಆರೂವರೆ ನಿಮಿಷ ಬೇಕು! 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದೂರದಲ್ಲಾದರೆ ಸೆಕೆಂಡಿಗೆ ಸುಮಾರು 2,500 ಸುತ್ತು.

ಎರಡು ಸುತ್ತಿನ ಸುಳಿ ಲೆಕ್ಕಕ್ಕೆ ಸರಿ, ಬಾಳಿಕೆಗೆ ಅಲ್ಲ. ಶಕ್ತಿ ಸುತ್ತುಗಳ ವರ್ಗದಂತೆ ಏರುತ್ತದೆ. ಅದೊಂದಕ್ಕೇ ನಾಲ್ಕು ಪಾಲು ಬೇಕು, ಒಂದೊಂದು ಸುತ್ತಿನ ಎರಡು ಸುಳಿಗೆ ಎರಡೇ ಪಾಲು ಸಾಕು. ಒಡೆಯುವುದೇ ಲಾಭ ಅಲ್ವಾ? 2004ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ, ಸೂಪರ್‌ಫ್ಲೂಯಿಡ್‌ನಂತೆಯೇ ನಡೆದುಕೊಳ್ಳುವ ಅತಿ ತಣ್ಣನೆಯ ಸೋಡಿಯಂ ಅನಿಲದೊಳಗೆ ಅದು ಹಾಗೇ ಎರಡಾಗಿ ಒಡೆದದ್ದನ್ನು ನೋಡಿದರು.

ಒಂದು ಸುತ್ತಿನ ಸುಳಿ ಸಾಯುವುದು ಹೇಗೆ? ದ್ರವದ ನಡುವೆ ಅದಕ್ಕೆ ತುದಿ ಇರಲಾರದು. ಗೋಡೆಗೋ ಮೇಲ್ಮೈಗೋ ತಾಗಿರಬೇಕು, ಇಲ್ಲವೇ ಬಳೆಯಾಗಬೇಕು. ಪಾತ್ರೆ ತಿರುಗುತ್ತಿದ್ದರೆ ನಡುವೆ ನೆಲೆಯಾಗಿರುತ್ತದೆ. ಪಾತ್ರೆ ನಿಂತರೆ ಮೆಲ್ಲಗೆ ಗೋಡೆಯತ್ತ ಜಾರಿ ಮುಗಿಯುತ್ತದೆ. ಗೋಡೆಯ ಉಬ್ಬುತಗ್ಗಿಗೆ ಸಿಕ್ಕಿಕೊಂಡರೆ ಮಾತ್ರ ಹಾಗೇ ಉಳಿಯಬಹುದು. ಎದುರು ದಿಕ್ಕಿಗೆ ತಿರುಗುವ ಸುಳಿ ಸಿಕ್ಕರೆ ಎರಡೂ ಒಟ್ಟಿಗೇ ಅಳಿಯಬಹುದು.

ಅಡ್ಡಹಾಯ್ದ ಎರಡು ಸುಳಿಗಳು ತುಂಡಾಗಿ ಅದಲುಬದಲಾಗಿ ಕೂಡಿಕೊಳ್ಳುವುದೂ ಉಂಟು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಹೆಪ್ಪುಗಟ್ಟಿದ ಹೈಡ್ರೋಜನ್ ಕಣಗಳನ್ನು ಬಿಟ್ಟು ಇದನ್ನು ಕಣ್ಣಿಗೆ ಕಾಣಿಸಿತು. ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಓದಿದ ಕಟೆಪಲ್ಲಿ ಶ್ರೀನಿವಾಸನ್ ಆ ತಂಡದಲ್ಲಿದ್ದರು. ಕೂಡಿಕೊಂಡ ಮೇಲೆ ಸುಳಿಯ ಗೆರೆ ಅದುರುತ್ತದೆ. ಆ ಅದುರು ಚಿಕ್ಕಚಿಕ್ಕ ಅಲೆಗಳಾಗಿ, ಕೊನೆಗೆ ಶಬ್ದವಾಗಿ ಶಕ್ತಿಯನ್ನು ಹೊರಗೆ ಒಯ್ಯುತ್ತದೆ.